ದೋಣಿಯ ಸಂದೂ ಘಟ್ಟದ ಮೆಣಸೂ

ಶಿರಸಿಯ ಸೀಮೆಯ ಹುಲಗೋಳವೆಲ್ಲಿ, ಅರಬ್ಬೀ ಸಮುದ್ರದ ದೋಣಿಯೆಲ್ಲಿ ಎಂದು ಶ್ರೋತೃಗಳು ಕೇಳಬಹುದು. ಆದರೆ ಆ ಸೀಮೆಯ ತೋಟಗಳಲ್ಲಿ ಬೆಳೆದ ಮೆಣಸೂ ಏಲಕ್ಕಿಯೂ ಘಟ್ಟವಿಳಿದು ಕುಮಟೆ, ಮಿರ್ಜಾನ, ಹೊನ್ನಾವರಗಳ ಬಂದರುಗಳಿಂದ ಪರದೇಶಗಳಿಗೆ ಹೋಗುತ್ತಿದ್ದುವೆಂಬುದನ್ನು ನೆನೆದರೆ ನಂಟು ತಾನಾಗಿಯೇ ತೋರುವುದು. ಅಂಗಳದಲ್ಲಿ ಹದವಾಗಿ ಒಣಗಿಸಿದ ಮೆಣಸು ದೋಣಿಯ ತಳದಲ್ಲಿ ನೆನೆಯಿತೆಂದರೆ ಬೂಷ್ಟು ಹಿಡಿದು, ಒಂದು ವರ್ಷದ ದುಡಿಮೆಯೇ ಹಾಳಾಗುವುದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರೆಂಬುದನ್ನು ನಾವೆಲ್ಲರೂ ಬಲ್ಲೆವು. ಆ ಮೆಣಸನ್ನು ನೆನೆಯದಂತೆ ದಡ ಮುಟ್ಟಿಸಿದ ಕೈಗಳ ವಿಚಾರವನ್ನು ಇಂದು ಕೊಂಚ ನೋಡೋಣ.

ನಮ್ಮ ಪಡುಗಡಲಿನ ಹಳೆಯ ದೋಣಿಗಳು ಬಹುಮಟ್ಟಿಗೆ ಹೊಲಿದ ದೋಣಿಗಳು. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಒಂದಕ್ಕೊಂದನ್ನು ಬಿಗಿಯುತ್ತಿದ್ದರು. ಸುಮಾರು 1342ರಲ್ಲಿ ಹೊನ್ನಾವರದಲ್ಲಿ ತಂಗಿದ್ದು, ಅಲ್ಲಿನ ಸುಲ್ತಾನ ಜಮಾಲುದ್ದೀನನ 52 ಹಡಗುಗಳ ದಂಡಿನೊಡನೆ ಗೋವೆಗೆ ಹೋದ ಇಬ್ನ್ ಬತೂತನು ಇದಕ್ಕೆ ಕಾರಣವನ್ನು ಹೇಳಿರುವನು: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುವುದು, ಹುರಿಯಿಂದ ಹೊಲಿದುದು ಬಾಗಿ ಉಳಿಯುವುದು. ಆದರೆ ಬಾಗುವ ದೋಣಿಯ ಸಂದು ಬಾಯಿ ಬಿಡುವುದೂ ಸಹಜವಷ್ಟೆ. 13ನೆಯ ಶತಮಾನದ ಕೊನೆಯಲ್ಲಿ ಹೊರ್ಮುಜಿನಲ್ಲಿ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೋ ಅವು ಬಹಳ ಕೀಳೆಂದು ಬರೆದನು. ಅವುಗಳಿಗೆ ಮೇಲಟ್ಟವಿಲ್ಲ, ಸರಕಿನ ಮೇಲೆ ತೊಗಲು ಹಾಸಿ, ಅದರ ಮೇಲೆ ಭಾರತದಲ್ಲಿ ಮಾರುವ ಕುದುರೆಗಳನ್ನು ನಿಲ್ಲಿಸುತ್ತಾರೆ ಎಂದನು. ಅವನು ಜರೆದ ಜಾತಿಯ ಹಡಗುಗಳೇ ಶತಮಾನಗಳ ವ್ಯಾಪಾರವನ್ನು ಹೊತ್ತುವೆಂದಮೇಲೆ, ಅವನ ಕಣ್ಣಿಗೆ ಬೀಳದ ವಿದ್ಯೆಯೊಂದು ಅಲ್ಲಿದ್ದಿರಲೇಬೇಕು.

ಅದು ಸಂದನ್ನು ಮುಚ್ಚುವ ವಿದ್ಯೆ. ಸಂದಿನ ಉದ್ದಕ್ಕೂ ನಾರಿನ ದಪ್ಪ ಬತ್ತಿಯನ್ನಿಟ್ಟು ಅದರ ಮೇಲೆ ಹುರಿಯನ್ನೆಳೆಯುವರು. ಹುರಿ ಬಿಗಿದಷ್ಟೂ ಬತ್ತಿ ಸಂದಿಗೆ ಒತ್ತಿಕೊಳ್ಳುವುದು. ಹುರಿ ಹಾದ ತೂತುಗಳನ್ನು ನಾರಿನಿಂದಲೂ ರಾಳದಿಂದಲೂ ತುಂಬಿ, ಮೇಲೆ ಎಣ್ಣೆಯನ್ನು ಸವರುವರು. ಈ ಸಾಮಗ್ರಿಗಳು ಬಂದುದೆಲ್ಲಿಂದ? ನಾರು ಮತ್ತು ಮೀನೆಣ್ಣೆ ಕರಾವಳಿಯವು. ಹೆಬ್ಬಲಸು ಮತ್ತು ತೇಗದ ಹಲಗೆ, ಸಾಲುಧೂಪದ ರಾಳ, ಹಾಯಿಯ ಕಂಬಕ್ಕೆ ಬೇಕಾದ ಸುರಹೊನ್ನೆಯ ಜಾತಿಯ ನೀಳವಾದ ಮರ, ಇವೆಲ್ಲವೂ ಘಟ್ಟದ ಕಾಡಿನವು. ಮೆಣಸನ್ನು ಕಳುಹಿದ ಮಲೆನಾಡೇ ಅದನ್ನು ಕಾಯುವ ಕವಚವನ್ನೂ ಕಳುಹಿತೆನ್ನಬಹುದು.

ಈ ಕೆಲಸ ಒಮ್ಮೆ ಮಾಡಿ ಬಿಡುವಂಥದಲ್ಲ. ಮುಂಗಾರು ಮೊದಲಾಗುವ ಮುನ್ನ ದೋಣಿಗಳನ್ನು ದಡಕ್ಕೆಳೆದು ತೆಂಗಿನ ಗರಿಯ ಮಾಡಿನ ಕೆಳಗೆ ಇರಿಸುವರು. ನೀರಿನಿಂದ ಹೊರಗಿದ್ದ ಹಲಗೆ ಒಣಗಿ ಕುಗ್ಗುವುದು, ಸಂದು ತೆರೆಯುವುದು. ಆಗ ದೋಣಿಯ ಒಳಗೇ ನೀರು ಹೊಯ್ದು, ಹೊರಮೈಯಲ್ಲಿ ಎಲ್ಲಿ ಜಿನುಗುವುದೆಂದು ನೋಡಿ ಗುರುತು ಮಾಡುವರು. ಹಳೆಯ ಬತ್ತಿಯನ್ನು ಕಿತ್ತು ಹೊಸದನ್ನಿಡುವರು. ಸಡಿಲವಾದ ಹುರಿಯನ್ನು ಬದಲಿಸುವರು. ಮರವನ್ನು ಕೊರೆಯುವ ಹುಳುವಿಗೆ ಅಡ್ಡಿಯಾಗಿ ತಳಕ್ಕೆ ಸುಣ್ಣವನ್ನೂ ಕೊಬ್ಬನ್ನೂ ಕಲಸಿ ಬಳಿಯುವರು. ನೂಲುಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿಯನ್ನರ್ಪಿಸಿದ ಬಳಿಕ ದೋಣಿ ನೀರಿಗಿಳಿಯುವುದು. ಮೊದಲ ಕೆಲವು ದಿನ ಅದು ಸೋರಿಯೇ ಸೋರುವುದು. ಬಲ್ಲವರು ಗಾಬರಿಗೊಳ್ಳರು, ಹಲಗೆ ನೀರು ಕುಡಿದು ಉಬ್ಬಿ, ಸಂದು ತಾನಾಗಿ ಕೂಡಿಕೊಳ್ಳುವವರೆಗೆ ಮೊಗೆದು ಚೆಲ್ಲುವರು.

ಇಷ್ಟಾದರೂ ಅಲೆಯ ನೀರು, ಮಳೆಯ ನೀರು ಒಳಗೆ ಬಾರದಿರುವುದೆ? ಮೇಲಟ್ಟವುಳ್ಳ ಹಡಗುಗಳಲ್ಲಿ ಅಟ್ಟವನ್ನು ನಡುವೆ ಉಬ್ಬಿಸಿ, ಅಂಚಿನ ಕಂಡಿಗಳಿಂದ ನೀರನ್ನು ಕಡಲಿಗೇ ಬಿಡುವರು. ತೆರೆದ ದೋಣಿಗೆ ಆ ಸೌಕರ್ಯವಿಲ್ಲ. ಆದುದರಿಂದ ಅಂಚಿನ ಮೇಲೆ ಚಾಪೆಯ ತಡಿಕೆಯನ್ನೆತ್ತಿ ಅಲೆಯನ್ನು ತಡೆಯುವರು. ತಳದಲ್ಲಿ ಬಿದಿರನ್ನೂ ಕಟ್ಟಿಗೆಯನ್ನೂ ಹಾಸಿ, ಸರಕನ್ನು ಅದರ ಮೇಲೇರಿಸುವರು. ಕೆಳಗೆ ಹರಿದ ನೀರು ಅತ್ಯಂತ ತಗ್ಗಿನ ಒಂದೆಡೆಯಲ್ಲಿ ಕೂಡುವುದು. ಅಲ್ಲಿಂದ ಮರದ ಮೊಗೆಯಿಂದ ಎತ್ತಿ ಹಾಕುವರು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡದ ಹತ್ತಿ ಕುಮಟೆಯಿಂದ ಮುಂಬಯಿಗೆ ವಿಶೇಷವಾಗಿ ಸಾಗಿದಾಗ, ತಳವನ್ನು ಒಣಗಿಸಿಡುವ ಈ ಎಚ್ಚರಕ್ಕೆ ಎಷ್ಟು ಬೆಲೆಯಿದ್ದಿತೆಂಬುದನ್ನು ಊಹಿಸಬಹುದು. ಹುಲಗೋಳದ ಕಡೆಯ ತೋಟಿಗರಿಗೆ ಇದು ಹೊಸ ಮಾತಲ್ಲ. ಅವರೂ ಅಡಕೆಯ ಕೊನೆಗೆ ಕೊಟ್ಟೆ ಕಟ್ಟಿ ಮೇಲಿನ ಮಳೆಯನ್ನು ತಡೆಯುವರು. ಬಸಿಗಾಲುವೆ ತೋಡಿ ಬೇರಿನ ನೀರನ್ನು ಹೊರಕ್ಕೆ ಬಿಡುವರು. ತಡೆಯಬಹುದಾದ ನೀರನ್ನು ತಡೆ, ತಡೆಯಲಾಗದ್ದಕ್ಕೆ ದಾರಿ ಮಾಡು ಎಂಬ ನೀತಿ ಘಟ್ಟದ ಮೇಲೆಯೂ ಕೆಳಗೂ ಒಂದೇ.

ಬರಬರುತ್ತ ಕಬ್ಬಿಣದ ಮೊಳೆ ಹುರಿಯ ಸ್ಥಾನಕ್ಕೆ ಬಂದಿತು, ಯಂತ್ರದೋಣಿಗಳು ಬಂದುವು, ಹೊಲಿಗೆಯ ಕೈಗಳು ವಿರಳವಾದುವು. 2025ರ ಮೇ 21ರಂದು ಕಾರವಾರದಲ್ಲಿ ನೌಕಾದಳಕ್ಕೆ ಸೇರಿದ ‘ಕೌಂಡಿನ್ಯ’ವನ್ನು ಅಜಂತೆಯ ಚಿತ್ರವೊಂದನ್ನು ಮಾದರಿಯಾಗಿಟ್ಟುಕೊಂಡು ತೆಂಗಿನ ಹುರಿಯಿಂದ ಹೊಲಿದು ಕಟ್ಟಿದರು. ಹಳೆಯ ನಕ್ಷೆ ಒಂದೂ ಇರಲಿಲ್ಲ. ಚಿತ್ರವು ಆಕಾರವನ್ನು ಕೊಟ್ಟಿತು. ಸಂದು ಸೋರದಂತೆ ಬಿಗಿಯುವ ಬಗೆಯನ್ನು ಕೇರಳದ ಕುಶಲಿಗಳ ಕೈಗಳಿಂದಲೇ ಪಡೆಯಬೇಕಾಯಿತು. ಅಂಥ ಕೈಗಳು ಒಂದು ತಲೆಮಾರು ತಪ್ಪಿದ್ದರೆ ಗೋಡೆಯ ಮೇಲಿನ ಹಡಗು ಗೋಡೆಯ ಮೇಲೆಯೇ ಉಳಿಯುತ್ತಿದ್ದಿತು. ನಮ್ಮ ಕರಾವಳಿಯ ಊರುಗಳಲ್ಲಿ ದೋಣಿ ಕಟ್ಟಿದ, ಸಂದು ತುಂಬಿದ ವೃದ್ಧರು ಇರುವಲ್ಲಿ, ಅವರ ಬಾಯಿಂದ ಆ ವಿದ್ಯೆಯನ್ನು ಕೇಳಿ ಬರೆದಿಡುವುದು ಚರಿತ್ರೆಯ ಅಭ್ಯಾಸಿಗಳಾದ ನಮ್ಮ ಕರ್ತವ್ಯವಲ್ಲವೆ?