ಮದ್ಯ ಬಿಡಬೇಕೆಂದವರಿಗೆ ಸಭೆ ಎಲ್ಲಿ?

ಬೆಂಗಳೂರು: ಮದ್ಯದಂಗಡಿಯ ದಾರಿಯನ್ನು ಯಾರು ಬೇಕಾದರೂ ತೋರಿಸಿಯಾರು. ಆದರೆ ಕುಡಿತ ಬಿಟ್ಟವರು ಸಭೆ ಸೇರುವ ಸ್ಥಳ ಯಾವುದೆಂದು ಕೇಳಿದರೆ ಅದೇ ಬೀದಿಯ ನಿವಾಸಿಗಳಿಗೂ ತಿಳಿದಿರುವುದಿಲ್ಲ. ಚರ್ಚಿನ ಹಿಂಬದಿಯ ಕೊಠಡಿ, ಸಂಜೆ ಖಾಲಿ ಉಳಿದ ಶಾಲಾ ತರಗತಿ, ಆಸ್ಪತ್ರೆಯ ಸಣ್ಣ ಸಭಾಂಗಣ. ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಸಭೆಗಳು ಸಾಮಾನ್ಯವಾಗಿ ನಡೆಯುವುದು ಇಂತಹ ಕಡೆಗಳಲ್ಲಿ. ಸದಸ್ಯರ ಗುರುತನ್ನು ಗೋಪ್ಯವಾಗಿಡುವುದೇ ಈ ಕೂಟದ ತಳಹದಿಯಾದ್ದರಿಂದ ಪ್ರಚಾರದ ಫಲಕಗಳು ಕಾಣಸಿಗುವುದು ಅಪರೂಪ.

ಷೇರು ದಲ್ಲಾಳಿ ಬಿಲ್ ವಿಲ್ಸನ್ ಹಾಗೂ ಶಸ್ತ್ರವೈದ್ಯ ಬಾಬ್ ಸ್ಮಿತ್ 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಅಕ್ರಾನ್ ನಗರದಲ್ಲಿ ಇದಕ್ಕೆ ನಾಂದಿ ಹಾಡಿದರು. ಇಬ್ಬರೂ ಸ್ವತಃ ಮದ್ಯವ್ಯಸನಿಗಳಾಗಿದ್ದರು. ಭಾರತದಲ್ಲಿ ಕೂಟವು 1957ರಲ್ಲಿ ನೆಲೆಯೂರಿತು. ಕುಡಿತ ನಿಲ್ಲಿಸಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. ಶುಲ್ಕವಿಲ್ಲ, ಅರ್ಜಿ ನಮೂನೆಯೂ ಇಲ್ಲ. ಸಭೆಯಲ್ಲಿ ಸದಸ್ಯರು ಇಚ್ಛಿಸಿ ನೀಡುವ ಹಣದಲ್ಲೇ ಬಾಡಿಗೆ, ಚಹಾದ ಖರ್ಚು ನೀಗುತ್ತದೆ. ಹೊರಗಿನವರ ದೇಣಿಗೆಯನ್ನು ಕೂಟ ಸ್ವೀಕರಿಸುವುದಿಲ್ಲ.

ಸ್ಥಳ ಹುಡುಕಲು ಎಎ ಭಾರತ ಘಟಕದ ಅಂತರ್ಜಾಲ ತಾಣ ಮೊದಲ ಆಸರೆ. ಊರು, ವಾರ, ಭಾಷೆಗಳ ಪ್ರಕಾರ ಸಭೆಗಳ ವಿವರ ಅಲ್ಲಿ ದೊರೆಯುತ್ತದೆ. ಹೊರಡುವ ಮುನ್ನ ಸಹಾಯವಾಣಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು ಲೇಸು. ಕೊಠಡಿಯ ಮಾಲೀಕರು ಬದಲಾದರೆ ಸಭೆಯ ಜಾಗವೂ ಬದಲಾಗುತ್ತದೆ, ಪಟ್ಟಿ ಮಾತ್ರ ಹಳೆಯದೇ ಉಳಿದಿರುತ್ತದೆ. ಧೈರ್ಯ ಕೂಡಿಸಿಕೊಂಡು ಹೋದವನು ಬೀಗ ಹಾಕಿದ ಬಾಗಿಲು ಕಂಡು ಮರಳಿದರೆ ಎರಡನೆಯ ಸಲ ಹೊರಡುವನೆಂಬ ಭರವಸೆಯಿಲ್ಲ. ಕರೆ ಸ್ವೀಕರಿಸುವವರು ಬಹುತೇಕ ಕುಡಿತ ಬಿಟ್ಟ ಸದಸ್ಯರೇ ಆಗಿರುತ್ತಾರೆ. ಕನ್ನಡದ ಸಭೆ ಯಾವುದು, ಇಂಗ್ಲಿಷ್ ಅಥವಾ ತಮಿಳಿನದು ಯಾವುದು ಎಂದು ಅವರಲ್ಲಿ ವಿಚಾರಿಸಬಹುದು. ‘ಮುಕ್ತ’ ಸಭೆಗೆ ಬಂಧುಗಳೂ ಬರಬಹುದು. ‘ಸೀಮಿತ’ ಸಭೆ ವ್ಯಸನಿಗಳಿಗಷ್ಟೇ ಮೀಸಲು. 2020ರ ಕೊರೊನಾ ಕಾಲದಿಂದೀಚೆಗೆ ಆನ್‌ಲೈನ್ ಸಭೆಗಳೂ ಹೆಚ್ಚಿವೆ. ನೆರೆಹೊರೆಯವರ ಕಣ್ಣಿಗೆ ಅಂಜುವ ಮಹಿಳೆಯರಿಗೆ ಇವು ವಿಶೇಷ ಅನುಕೂಲ.

ಸಭೆಯೊಳಗೆ ಉಪನ್ಯಾಸವಿಲ್ಲ. ಒಬ್ಬೊಬ್ಬರು ತಮ್ಮ ಅನುಭವ ಹೇಳುತ್ತಾರೆ, ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಹೊಸಬರು ಮೌನವಾಗಿ ಕುಳಿತಿದ್ದರೂ ಆಕ್ಷೇಪವಿಲ್ಲ. ಕುಡಿತವನ್ನು ಜೀವಮಾನಕ್ಕೆ ಬಿಡುವ ಶಪಥ ಯಾರೂ ಕೇಳುವುದಿಲ್ಲ. ಇಂದಿನ 24 ತಾಸುಗಳ ಮಾತಷ್ಟೇ. ದೇವರ ಪ್ರಸ್ತಾಪವನ್ನು ನಾಸ್ತಿಕರು ಆಕ್ಷೇಪಿಸುವುದುಂಟು, ಆದರೆ ಆ ಶಕ್ತಿಯನ್ನು ತಮಗೆ ತಿಳಿದಂತೆ ಅರ್ಥೈಸಿಕೊಳ್ಳಲು ಕೂಟ ಅವಕಾಶ ನೀಡಿದೆ. ಇದೆಲ್ಲ ಫಲಿಸುವುದೇ ಎಂಬ ಪ್ರಶ್ನೆಗೆ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ ಉತ್ತರಿಸಿದೆ. 27 ಅಧ್ಯಯನಗಳ 10,565 ಜನರ ವಿವರ ಪರಿಶೀಲಿಸಿದ ತಜ್ಞರು, ಕುಡಿತದಿಂದ ಪೂರ್ಣ ದೂರ ಉಳಿಯುವ ವಿಷಯದಲ್ಲಿ ಎಎಗೆ ಜೋಡಿಸುವ ವ್ಯವಸ್ಥಿತ ಚಿಕಿತ್ಸೆಯು ಇತರ ಪ್ರಚಲಿತ ಚಿಕಿತ್ಸೆಗಳಿಗಿಂತ ಮೇಲು ಎಂದು ಕಂಡುಕೊಂಡರು.

ಇಷ್ಟಾದರೂ ಸಭೆಯು ಆಸ್ಪತ್ರೆಗೆ ಬದಲಿಯಲ್ಲ ಎಂಬುದನ್ನು ಮರೆಯಲಾಗದು. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ವಿಪರೀತ ನಡುಕ, ಭ್ರಮೆ, ಮತಿವಿಕಲತೆ ಕಾಣಿಸಿಕೊಂಡು ಪ್ರಾಣಕ್ಕೇ ಎರವಾದೀತು. ಬೆಳಿಗ್ಗೆ ಎದ್ದೊಡನೆ ಕೈ ನಡುಗುವವರು, ಹಿಂದೆ ಫಿಟ್ಸ್ ಬಂದವರು ಮೊದಲು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಕುಡುಕನಿಗೆ ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ ಎಂದು ಜಾಹೀರಾತು ನೀಡುವ ಪುಡಿಗಳ ಗೊಡವೆ ಬೇಡ. ಡೈಸಲ್ಫಿರಾಂ ಔಷಧವನ್ನು ತಿಳಿಯದೆ ಸೇವಿಸಿದವನು ಮೇಲೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಅಪಾಯಕ್ಕೆ ಸಿಲುಕಬಹುದು.

ರಾಜ್ಯದ ಹಳ್ಳಿ, ಪಟ್ಟಣಗಳಲ್ಲಿ ಎಎಗಿಂತ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳೇ ಜನರಿಗೆ ಪರಿಚಿತ. ಸುಮಾರು ಒಂದು ವಾರದ ಶಿಬಿರ ಮುಗಿದ ಬಳಿಕ ಪಾನಮುಕ್ತರು ‘ನವಜೀವನ ಸಮಿತಿ’ಗಳಲ್ಲಿ ಒಟ್ಟು ಸೇರುತ್ತಾರೆ. ಶಿಬಿರದ ಹುರುಪು ಇಳಿದ ಮೇಲೆ ನಿಜವಾಗಿ ಕೈಹಿಡಿಯುವುದು ಈ ಸಮಿತಿಗಳೇ. ಯೋಜನೆಯ ಸ್ಥಳೀಯ ಕಚೇರಿಯಲ್ಲಿ ಮಾಹಿತಿ ಲಭ್ಯ.

ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ವರದಿ ಸಲ್ಲಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 5.7 ಕೋಟಿ ಜನರಿಗೆ ಮದ್ಯದ ಸಮಸ್ಯೆಗೆ ನೆರವಿನ ಅಗತ್ಯವಿದೆ. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು ಮಾತ್ರ.

ಕುಡಿಯುವವರು ಸಭೆಗೆ ಬರಲೊಪ್ಪದಿದ್ದರೆ ಮನೆಯವರು ಸುಮ್ಮನಿರಬೇಕಾಗಿಲ್ಲ. 1951ರಲ್ಲಿ ಬಿಲ್ ವಿಲ್ಸನ್ ಪತ್ನಿ ಲೋಯಿಸ್ ಮತ್ತೊಬ್ಬ ಮಹಿಳೆಯೊಡನೆ ಸ್ಥಾಪಿಸಿದ ಅಲ್-ಅನಾನ್ ಕೂಟವು ಕುಟುಂಬದವರಿಗೆಂದೇ ಇದೆ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಂಖ್ಯೆ 14416. ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡಬಹುದು, ರಾತ್ರಿಯೂ ಕರೆ ಮಾಡಬಹುದು.