ಶತ್ರುವಿನ ಅವಜ್ಞೆಯೂ ಪೋರ್ಟ್ ಆರ್ಥರ್ ರೇವಿನ ನೌಕಾಕ್ರಮಣವೂ

ಶತ್ರುವಿನ ಬಲವನ್ನು ಅರಿಯದಿರುವುದು ಅಜ್ಞಾನ. ಅರಿತೂ ಲೆಕ್ಕಕ್ಕೆ ತಾರದಿರುವುದು ಅವಜ್ಞೆ. ಇವೆರಡರಲ್ಲಿ ಅವಜ್ಞೆಯೇ ಹೆಚ್ಚು ಅನರ್ಥಕಾರಿಯೆಂಬುದಕ್ಕೆ 1904ನೆಯ ಇಸವಿಯ ರಷ್ಯಾ-ಜಪಾನ್ ಯುದ್ಧದ ಆರಂಭವು ನಿದರ್ಶನವಾಗಿದೆ.

ಚೀನಾ ದೇಶದ ಪೋರ್ಟ್ ಆರ್ಥರ್ ರೇವನ್ನು ರಷ್ಯಾ 1898ರಲ್ಲಿ ಗುತ್ತಿಗೆಗೆ ಪಡೆದಿತ್ತು. ಮಂಚೂರಿಯಾ, ಕೊರಿಯಾಗಳ ವಿಷಯವಾದ ಸಂಧಾನವು ಮುರಿದು, 1904ನೆಯ ಫೆಬ್ರವರಿ 6ರಂದು ಜಪಾನು ರಾಯಭಾರ ಸಂಬಂಧವನ್ನು ಕಡಿದುಕೊಂಡಿತು. ಆದರೂ ರಷ್ಯಾದ ನೌಕಾಪಡೆಯು ಹೊರರೇವಿನಲ್ಲಿಯೇ ಲಂಗರು ಹಾಕಿ ನಿಂತಿತ್ತು. ಒಳರೇವಿನ ಬಾಯಿ ಕಿರಿದಾದುದರಿಂದ ಮಹಾನೌಕೆಗಳು ಉಬ್ಬರದ ವೇಳೆಯಲ್ಲಿ ಮಾತ್ರ ಅದನ್ನು ಹಾದುಹೋಗಬಹುದಾಗಿತ್ತು. ಈ ಕಾರಣವು ಯುಕ್ತವಾದುದೇ ಸರಿ. ಆದರೆ ಟಾರ್ಪಿಡೋಗಳನ್ನು ತಡೆಯುವ ಬಲೆಗಳನ್ನು ಇಳಿಬಿಟ್ಟಿರಲಿಲ್ಲ. ಕಾವಲು ನೌಕೆಗಳಿಗೆ, ಗುಂಡು ಹಾರಿಸದೆ ಹಿಂದಿರುಗಿ ಸುದ್ದಿ ತಿಳಿಸಬೇಕೆಂದು ಅಪ್ಪಣೆಯಾಗಿತ್ತು. ಇವಕ್ಕೆ ರೇವಿನ ಬಾಯಿಯು ಕಾರಣವಲ್ಲ.

ಜಪಾನಿನ ಯುದ್ಧರೀತಿಯು ಗೂಢವಾಗಿತ್ತೆ? ಇಲ್ಲ. 1894ನೆಯ ಜುಲೈ 25ರಂದು, ಚೀನೀ ಸೈನಿಕರನ್ನು ಒಯ್ಯುತ್ತಿದ್ದ ಕೌಷಿಂಗ್ ಎಂಬ ಹಡಗನ್ನು ನಾನಿವಾ ನೌಕೆಯ ನಾಯಕನಾದ ಟೋಗೋ ಮುಳುಗಿಸಿದನು. ಯುದ್ಧಘೋಷಣೆಯಾದುದು ಆಗಸ್ಟ್ 1ರಂದು. 1895ನೆಯ ಫೆಬ್ರವರಿಯಲ್ಲಿ ಜಪಾನಿನ ಟಾರ್ಪಿಡೋ ದೋಣಿಗಳು ರಾತ್ರಿಯಲ್ಲಿ ವೈಹೈವೈ ರೇವನ್ನು ಹೊಕ್ಕು ಚೀನೀ ನೌಕೆಗಳನ್ನು ಕೆಡವಿದುವು. ಆ ಟೋಗೋವೇ 1904ರಲ್ಲಿ ಜಪಾನಿನ ನೌಕಾಸೇನಾಪತಿಯಾಗಿದ್ದನು. ಇಷ್ಟನ್ನು ಬಲ್ಲವರೇ, ಏಷ್ಯಾದ ಅಲ್ಪರಾಷ್ಟ್ರವು ಯೂರೋಪಿನ ಮಹಾರಾಷ್ಟ್ರವೊಂದರ ಮೇಲೆ ತಾನಾಗಿ ಕೈಯೆತ್ತದೆಂದು ನಂಬಿದ್ದರು.

ನಂಬದವನೊಬ್ಬನಿದ್ದನು. ಕ್ರೋನ್‌ಸ್ಟಾಟ್ ರೇವಿನ ಅಧಿಪತಿಯಾದ ಮಕಾರೋವ್, ಫೆಬ್ರವರಿ 8ರಂದೇ ನೌಕಾಖಾತೆಗೆ ಪತ್ರ ಬರೆದು, ನೌಕೆಗಳನ್ನು ಈಗ ಒಳಕ್ಕೆ ಸೇರಿಸದಿದ್ದರೆ ಮೊದಲ ರಾತ್ರಿಯ ಆಕ್ರಮಣಾನಂತರ ಬೆಲೆ ತೆತ್ತು ಸೇರಿಸಬೇಕಾದೀತೆಂದು ಎಚ್ಚರಿಸಿದನು. ಆ ವೇಳೆಗೆ ಎಚ್ಚರಿಕೆಯು ಫಲಿಸುವ ಕಾಲ ಮೀರಿತ್ತು. ಆದರೂ ಸಾವಿರಾರು ಮೈಲಿಗಳ ದೂರದಿಂದ ಕಂಡ ಅಪಾಯವು ರೇವಿನಲ್ಲಿದ್ದವರಿಗೆ ಕಾಣಲಿಲ್ಲವೆಂಬುದು ಗಮನಾರ್ಹವಾಗಿದೆ.

ಅದೇ ರಾತ್ರಿ ಜಪಾನಿನ ಹತ್ತು ವಿಧ್ವಂಸಕ ನೌಕೆಗಳು ಎರಗಿದುವು. ಪ್ರಯೋಗಿಸಿದ 16 ಟಾರ್ಪಿಡೋಗಳಲ್ಲಿ ಮೂರು ಮಾತ್ರ ತಗುಲಿದುವು. ತ್ಸೆಸಾರೆವಿಚ್, ರೆಟ್ವಿಜಾನ್ ಎಂಬ ಯುದ್ಧನೌಕೆಗಳೂ ಪಲ್ಲಾಡಾ ಎಂಬ ಕ್ರೂಸರೂ ಗಾಯಗೊಂಡುವು, ಒಂದೂ ನಾಶವಾಗಲಿಲ್ಲ. ಹಾನಿಯು ದುರಸ್ತಿಯಾಗುವಂತಹುದು; ಆದರೆ ರಷ್ಯಾದ ಪಡೆಯು ರೇವಿಗೆ ಕಟ್ಟುಬಿದ್ದಿತು, ಜಪಾನೀ ಸೇನೆಯು ಕೊರಿಯಾದಲ್ಲಿ ಇಳಿಯಿತು. ಘೋಷಣೆಯು ಹೊರಟುದು ಫೆಬ್ರವರಿ 10ರಂದು. ಸೇನಾಪತ್ಯ ವಹಿಸಿದ ಮಕಾರೋವನು ಏಪ್ರಿಲ್ 13ರಂದು ನೌಕೆಯೊಡನೆ ಮುಳುಗಿದನು. 1905ನೆಯ ಜನವರಿಯಲ್ಲಿ ಪೋರ್ಟ್ ಆರ್ಥರ್ ಶರಣಾಯಿತು.

1907ರ ಹೇಗ್ ಒಡಂಬಡಿಕೆಯು, ಮುನ್ಸೂಚನೆಯಿಲ್ಲದೆ ಯುದ್ಧವನ್ನಾರಂಭಿಸಬಾರದೆಂದು ವಿಧಿಸಿತು. ಅದನ್ನು ಮೀರಿ 1941ನೆಯ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನು ಎರಗಿದಾಗ, ಪೋರ್ಟ್ ಆರ್ಥರ್ ವೃತ್ತಾಂತವು ಸಕಲರಿಗೂ ವಿದಿತವಾಗಿಯೇ ಇತ್ತು. ಆದುದರಿಂದ ಇಂತಹ ಆಕ್ರಮಣಗಳಿಗೆ ಕತ್ತಲೆಯೂ ವೇಗವೂ ಸಾಧನಗಳು ಮಾತ್ರ. ಅವಕಾಶವನ್ನು ಕೊಡುವುದು ಎದುರಾಳಿಯ ಅವಜ್ಞೆಯೇ ಎಂದು ನಿಶ್ಚಯಿಸಬಹುದು.