ಅಳಿಸಿದರೂ ಉಳಿಯುವ ಬರಹ

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಮುಂದೆ ಹೋದರೆ ಆನೇಕಲ್ ತಾಲ್ಲೂಕಿನ ಚಂದಾಪುರ ಸಿಗುತ್ತದೆ. ಇಲ್ಲಿ ನೆಲೆಸಿರುವ ತಂತ್ರಾಂಶ ನೌಕರರ ದುಡಿಮೆ ಕಾಗದದ ಮೇಲೆ ಉಳಿಯುವಂಥದ್ದಲ್ಲ. ಒಂದು ತಪ್ಪು ಆದೇಶ ಕೊಟ್ಟರೆ ವಾರದ ಕೆಲಸ ಕಣ್ಣೆದುರೇ ಮಾಯವಾಗಬಹುದು. ಹೀಗೆ ಕಳೆದುದನ್ನು ಮರಳಿ ಪಡೆಯುವ ವಿದ್ಯೆಗೆ ಅರ್ಧ ಶತಮಾನದ ಇತಿಹಾಸವಿದೆ.

1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮಾರ್ಕ್ ರಾಚ್‌ಕಿಂಡ್ ‘ಎಸ್‌ಸಿಸಿಎಸ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ತಿದ್ದುವಾಗ ಹಳೆಯದನ್ನು ಎಸೆಯದೆ, ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ದಾಖಲಿಸುವುದೇ ಅದರ ತತ್ವ. 1982ರಲ್ಲಿ ವಾಲ್ಟರ್ ಟಿಕಿ ಅವರ ‘ಆರ್‌ಸಿಎಸ್’ ಬಂತು. ನಂತರದ ‘ಸಿವಿಎಸ್’ನಿಂದ ಅನೇಕರು ಏಕಕಾಲಕ್ಕೆ ಕೆಲಸ ಮಾಡುವುದು ಸಾಧ್ಯವಾಯಿತು. ಆದರೆ ಇತಿಹಾಸವೆಲ್ಲ ಒಂದೇ ಕೇಂದ್ರ ಯಂತ್ರದಲ್ಲಿತ್ತು.

2005ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ‘ಗಿಟ್’ ರಚಿಸಿದರು. ಇದರಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರ ಯಂತ್ರದಲ್ಲೂ ಪೂರ್ಣ ಇತಿಹಾಸದ ಒಂದು ಪ್ರತಿಯಿರುತ್ತದೆ. ಪ್ರತಿಗಳು ಹೆಚ್ಚಿದಷ್ಟೂ ಕೃತಿ ಉಳಿಯುತ್ತದೆಂಬುದು ಕನ್ನಡಿಗರಿಗೆ ಹೊಸದೇನಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಲು ಸಾಧ್ಯವಾದುದು ಓಲೆಗರಿಯ ಪ್ರತಿಗಳು ಮನೆ, ಮಠಗಳಲ್ಲಿ ಉಳಿದುಬಂದಿದ್ದರಿಂದ.

ಗಿಟ್‌ನ ಇನ್ನೊಂದು ವಿಶೇಷವೂ ಗಮನಾರ್ಹ. ಕೆಲಸದ ಒಂದು ಹಂತವನ್ನು ದಾಖಲಿಸುವುದಕ್ಕೆ ‘ಕಮಿಟ್’ ಎನ್ನುತ್ತಾರೆ. ಪ್ರತಿ ಕಮಿಟ್‌ಗೂ ಅದರ ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿದ ಉದ್ದನೆಯ ಗುರುತಿನ ಸಂಖ್ಯೆಯಿರುತ್ತದೆ. ಕೆಲಸದ ಕವಲಾದ ‘ಬ್ರಾಂಚ್’ ಎಂಬುದು ಆ ಸಂಖ್ಯೆಯತ್ತ ಬೆರಳು ತೋರುವ ಹೆಸರು, ಅಷ್ಟೆ. ಬ್ರಾಂಚ್ ಅಳಿಸಿದಾಗ ಹೋಗುವುದು ಹೆಸರೇ ಹೊರತು ಕೆಲಸವಲ್ಲ. ‘ರೆಫ್‌ಲಾಗ್’ ಎಂಬ ದಿನಚರಿಯಲ್ಲಿ ಹಳೆಯ ಸಂಖ್ಯೆಯನ್ನು ಹುಡುಕಿ, ಅದಕ್ಕೆ ಹೊಸ ಹೆಸರು ಕೊಟ್ಟರೆ ಕಳೆದುದು ಹಿಂದಿರುಗುತ್ತದೆ.

ಆದರೆ ಇದಕ್ಕೂ ಮಿತಿಗಳುಂಟು. ಈ ದಿನಚರಿ ಇರುವುದು ಕೆಲಸ ಮಾಡಿದ ಯಂತ್ರದಲ್ಲಿ ಮಾತ್ರ. ಬೇರೆ ಏರ್ಪಾಡು ಮಾಡಿರದಿದ್ದರೆ, ಯಾವ ಬ್ರಾಂಚ್‌ಗೂ ಸೇರದ ಕಮಿಟ್‌ನ ನಮೂದು 30 ದಿನಗಳ ಬಳಿಕ ಗಿಟ್ ನಡೆಸುವ ಸ್ವಚ್ಛತಾ ಕಾರ್ಯದಲ್ಲಿ ತೆಗೆದುಹಾಕಲ್ಪಡುತ್ತದೆ. ಆದ್ದರಿಂದ ಕೆಲಸ ಹೋಯಿತೆಂದು ತಿಳಿದ ದಿನವೇ ಹುಡುಕುವುದು ಲೇಸು. ಇನ್ನು, ಒಮ್ಮೆಯೂ ಗಿಟ್‌ಗೆ ಒಪ್ಪಿಸದ ಬರಹವನ್ನು ಅದು ಮರಳಿ ಕೊಡಲಾರದು. ಪ್ರತಿಯಾಗುವ ಮೊದಲೇ ಗೆದ್ದಲಿನ ಪಾಲಾದ ಓಲೆಗರಿ ಹಳಕಟ್ಟಿಯವರಂಥವರಿಗೂ ಸಿಗುವುದಿಲ್ಲ.